ಕೂಗುವ ಹುಸೇನವ್ವ, ಬೀಳುವ ಪಂಡಿತ

ದಂಡಿನಾಳದ ಹುಸೇನವ್ವ ಕೂಗಿದ್ದನ್ನ ನಾನು ಈ ಎರಡು ಕಿವಿಯಿಂದ ಕೇಳಿದವನು. ಆಕೆಯೇ ಪಕ್ಕದಲ್ಲಿ ಕೂರಿಸಿಕೊಂಡು ನನಗೆ ವಿದ್ಯೆ ಕಲಿಸಿದಳು. ಸುಳ್ಳು. ನಮ್ಮಜ್ಜನ ಅಜ್ಜ ಸಹ ಆಕೆಯನ್ನ ಕಂಡವನಲ್ಲ. ಆದರೆ ಸುಳ್ಳು ಅಲ್ಲಿಗೆ ಮುಗಿಯಿತು, ಇನ್ನು ಮುಂದೆ ಹೇಳುವುದೆಲ್ಲ ನಿಜ, ಇಲ್ಲವೇ ನಿಜದ ಹತ್ತಿರದ ಬೀಗರು.

ಹೊಳೆಗೆ ಸೇತುವೆ ಕಟ್ಟಬಹುದು ಅಂತ ಯಾರ ತಲೆಗೂ ಹೊಳೆಯದ ಕಾಲವದು. ಹೊಳೆಯ ನಟ್ಟನಡುವೆ ಮೊಸಳಿಗಡ್ಡಿ ಅಂತ ಒಂದೂರು, ನಡುಗಡ್ಡೆ. ಅದರ ಎದುರು ದಂಡೆಗೆ ದಂಡಿನಾಳ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ಸೀರೆ ಎತ್ತಿ ಕಟ್ಟಿ ನಡೆದು ಹೋಗಬಹುದಿತ್ತು. ಕೆಂಪು ನೀರು ಬಂತೆಂದರೆ ಮುಗಿಯಿತು, ಹರಿಗೋಲು ಸಹ ಹೊಳೆಗೆ ಇಳಿಯುತ್ತಿರಲಿಲ್ಲ. ಹೊಳೆ ಇಳಿಯುವ ತನಕ ಗಡ್ಡಿಯವರು ಗಡ್ಡಿಯಲ್ಲೇ ಹುಟ್ಟಬೇಕು, ಗಡ್ಡಿಯಲ್ಲೇ ಸಾಯಬೇಕು.

ಆ ಗಡ್ಡಿಗೆ ಒಬ್ಬನೇ ಪಂಡಿತ, ಕೊಟ್ರಯ್ಯ. ಅಪ್ಪ, ಅಜ್ಜ, ಮುತ್ತಜ್ಜನಿಂದ ಬಂದ ನಾಡಿವಿದ್ಯೆ. ಸುಮ್ಮನೆ ಹೇಳಬಾರದು, ದೊಡ್ಡ ಪಂಡಿತ. ತಿಂಗಳುಗಟ್ಟಲೆ ಬಿಡದ ಜ್ವರ, ಮಂಡಿ ವಾಯು, ಬಾಣಂತಿ ಸನ್ನಿ, ಎಲ್ಲವೂ ಅವನ ಬೆರಳ ಕೆಳಗೆ ಬಾಯಿ ಬಿಡುತ್ತಿದ್ದವಂತೆ. ಹೊಳೆ ತುಂಬಿತೆಂದರೆ ಅವನ ಮುಖವೂ ತುಂಬುತ್ತಿತ್ತು. ಯಾಕೆಂದರೆ ಆಗ ಗಡ್ಡಿಯವರಿಗೆ ಬೇರೆ ಬಾಗಿಲು ಇಲ್ಲ. ಅಂಗಳದಲ್ಲಿ ಬಿಟ್ಟ ಚಪ್ಪಲಿಗಳನ್ನ ನೋಡುತ್ತ ಊಟ ಮಾಡಿದರೆ ಅವನಿಗೆ ಎರಡು ರೊಟ್ಟಿ ಹೆಚ್ಚಿಗೆ ಸೇರುತ್ತಿದ್ದವು ಅಂತಾರೆ.

ಹುಸೇನವ್ವ ಹರಿಗೋಲು ಹಾಕುವವನ ಹೆಂಡತಿ. ಹೆತ್ತವರು ಮೊಹರಮ್ಮಿನ ಅಲಾಯಿ ದೇವರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವಳು, ಅದಕ್ಕೇ ಆ ಹೆಸರು. ಹೊಳೆಯಲ್ಲಿ ಮುಳುಗಿದವರನ್ನ ಎಳೆದು ಎಳೆದು ತೋಳು ಗಟ್ಟಿ, ಯಾರು ಬದುಕಿದರು, ಯಾರು ಹೋದರು, ಯಾಕೆ ಹೋದರು ಅಂತ ನೋಡಿ ನೋಡಿ ತಲೆ ಗಟ್ಟಿ. ಗಂಟಲಂತೂ ಕೇಳಬೇಡಿ. ಆಕೆ ತನ್ನ ಎಮ್ಮೆ ಕರೆದರೆ ಮೂರೂರಿನ ಎಮ್ಮೆ ಏಳುತ್ತಿದ್ದವು ಅಂತಾರೆ. ಆಕೆ ಸೀನಿದರೆ ಗಡ್ಡಿಯಲ್ಲಿ ದೀಪ ಆರುತ್ತಿತ್ತು ಅಂತಲೂ ಅಂತಾರೆ, ಅದನ್ನ ನಾನು ನಂಬುವುದಿಲ್ಲ, ಗಾಳಿ ಇದ್ದಿರಬೇಕು.

ಒಂದು ಮಳೆಗಾಲ ಕುರುಬರ ಬೀರವ್ವನ ಗಂಡ ಆಡಿಗೆ ಸೊಪ್ಪು ಕಡಿಯಲು ಹೋಗಿ ಹೊಳೆಗೆ ಜಾರಿದ. ಎಳೆದು ಹಾಕಿದಾಗ ಮೈ ನೀಲಿ. ಪಂಡಿತ ಓಡಿ ಬಂದ, ನಾಡಿ ಹಿಡಿದ, ನಾಡಿ ಸಿಗಲಿಲ್ಲ. ಬೇರು ತರಿಸಿದ, ಕಲ್ಲು ತರಿಸಿದ, ಅರೆಯಲು ಕೂತ. ಅಷ್ಟರಲ್ಲಿ ಆಚೆ ದಂಡೆಯ ಬಂಡೆಯ ಮೇಲಿಂದ ದನಿ ಬಂತು.

"ಏ ಬೀರವ್ವಾ, ಉಸಿರು ಐತೇನು?"

ಬೀರವ್ವ ಏನೋ ಕೂಗಿದಳು, ಹೊಳೆ ನುಂಗಿಬಿಟ್ಟಿತು. ಹುಸೇನವ್ವನ ಕೂಗು ಈಚೆ ಬರುತ್ತಿತ್ತು, ಗಡ್ಡಿಯವರ ಕೂಗು ಆಚೆ ಹೋಗುತ್ತಿರಲಿಲ್ಲ.

"ಒದರಬ್ಯಾಡ. ಹೌದಂದ್ರ ಬಿಳೀದು ಬೀಸು, ಇಲ್ಲಂದ್ರ ಕರೀದು ಬೀಸು."

ಬೀರವ್ವ ಹೆಗಲ ಮೇಲಿನ ಕರಿ ಕಂಬಳಿ ಬೀಸಿದಳು.

"ಹಂಗಾರ ಅಂಗಾತ ಮಲಗಸು. ಗದ್ದ ಎತ್ತು. ಕಮ್ಮಾರ ಮಾನಪ್ಪನ ತಿದಿ ಊದಿಧಂಗ ಬಾಯಾಗ ಊದು. ಎದಿ ನಡುವ ಒತ್ತು, ಒನಕಿ ಹಾಕಿಧಂಗ. ಬಿಡಬ್ಯಾಡ, ನಾ ಹಾಡತೀನಿ, ನೀ ಒತ್ತು."

ಆಚೆಯಿಂದ ಕುಟ್ಟುವ ಹಾಡು, ಈಚೆಯಿಂದ ಒತ್ತು. ಹಾಡು ಮುಗಿಯುವ ಹೊತ್ತಿಗೆ ಗಂಡ ನೀರು ಕಾರಿದ, ಕೆಮ್ಮಿದ, ಆಡು ಎಲ್ಲಿ ಅಂತ ಕೇಳಿದ. ಯಾರದೋ ಬಿಳಿ ರುಮಾಲು ಮೇಲೆ ಹಾರಾಡಿತು. ಎರಡೂ ದಂಡೆಯಲ್ಲಿ ಜನ ಕುಣಿದರಂತೆ. ಪಂಡಿತ ಅರೆಯುತ್ತಲೇ ಇದ್ದ. ಅರೆದದ್ದು ಕಲ್ಲಿನ ಮೇಲೇ ಒಣಗಿತು.

"ಇನ್ನ ಮ್ಯಾಲಿನದು ಪಂಡಿತರು ನೋಡ್ಕೋತಾರ," ಅಂತ ಕೂಗಿದಳು ಹುಸೇನವ್ವ. "ಎದಿಯಾಗ ಕಫ ಕಟ್ಟತೈತಿ. ಅದಕ್ಕ ಔಷಧ ಅವರ ಕಡೇನ ಐತಿ, ನನ್ನ ಕಡೆ ಇಲ್ಲ."

ಆಕೆ ಮರ್ಯಾದೆಯಿಂದಲೇ ಅಂದದ್ದು. ಪಂಡಿತನ ಕಿವಿಗೆ ಬಿದ್ದದ್ದು ಬೇರೆ, ಉಂಡು ಉಳಿದದ್ದನ್ನ ನಿಮ್ಮ ಪಂಡಿತನಿಗೆ ಹಾಕಿರಿ ಅಂದಂತೆ. ಅಂದಿನಿಂದ ಅವನಿಗೆ ಹೊಟ್ಟೆಯಲ್ಲಿ ಒಂದು ಉರಿ ಹತ್ತಿತು. ತನ್ನ ಊರು, ತನ್ನ ರೋಗಿ, ತನ್ನ ಕಣ್ಣೆದುರಿಗೆ, ಹೊಳೆಗೆ ಕಾಲು ಸಹ ಹಾಕದೆ ಒಬ್ಬಾಕೆ ಬರೀ ಬಾಯಿಂದ ಬದುಕಿಸಿದಳು. ಅವನು ಬೆಲ್ಲದ ಪಾನಕ ಕುಡಿದ, ಮಜ್ಜಿಗೆ ಕುಡಿದ, ತನ್ನದೇ ಶುಂಠಿ ಕಷಾಯ ಕುಡಿದ. ಆರಲಿಲ್ಲ.

ಆಮೇಲೆ ಏನಾಯಿತು ಅಂತೀರಿ? ಚೇಳು ಕಚ್ಚಿದರೆ ಜನ ಹೊಳೆಯ ಕಡೆ ನೋಡಿದರು. ಕೈ ಸುಟ್ಟರೆ ಹೊಳೆಯ ಕಡೆ ನೋಡಿದರು. ಅಂಗಳದಲ್ಲಿ ಚಪ್ಪಲಿ ಕಡಿಮೆಯಾದವು. ಮುತ್ತಜ್ಜನ ಕಾಲದಿಂದ ಗಡ್ಡಿಯ ಸಾವು ಬದುಕು ಯಾವ ಹೊಸ್ತಿಲಿಗೆ ಬಂದು ನಿಲ್ಲುತ್ತಿತ್ತೋ ಆ ಹೊಸ್ತಿಲು ತನ್ನ ಕಾಲಕ್ಕೆ ಬರಿದಾಗುತ್ತದೆ ಅನ್ನುವುದು ಪಂಡಿತನಿಗೆ ಸಾವಿಗಿಂತ ದೊಡ್ಡದಾಯಿತು.

ಬೇಸಿಗೆ ಬಂತು, ಹೊಳೆ ಇಳಿಯಿತು. ಹುಸೇನವ್ವ ನಡೆದೇ ಗಡ್ಡಿಗೆ ಬಂದು ಕಲಿಸಲು ಕೂತಳು. ನಾನು ಕೂಗೂದು ಕೂಗತೀನಿ, ಕೈ ನಿಮ್ಮವು, ಕೈಗೆ ಬುದ್ಧಿ ಇರಬೇಕು ಅಂದಳಂತೆ. ಓಲೆಗರಿ ಇಲ್ಲ, ಶ್ಲೋಕ ಇಲ್ಲ. ಕಮ್ಮಾರ ಮಾನಪ್ಪನ ತಿದಿಯೇ ಎದೆಗೂಡು. ರೊಟ್ಟಿ ಹಿಟ್ಟು ನಾದಿ, ಒಳಗೆ ಕಡ್ಡಿ ಇಟ್ಟು ಮುರಿದರೆ ಅದೇ ಮುರಿದ ಕಾಲು. ಒಣಗಿದ ಸೋರೆಕಾಯಿಯ ಕುತ್ತಿಗೆಯಲ್ಲಿ ಅವರೆಕಾಳು ಸಿಕ್ಕಿಸಿ, ಬಗ್ಗಿಸಿ ಹಿಡಿದು ಬೆನ್ನಿಗೆ ಗುದ್ದಿ ಕಾಳು ಹಾರಿಸಿದರೆ, ಅದು ಗಂಟಲಿಗೆ ಸಿಕ್ಕಿಕೊಂಡವರ ಪಾಠ. ಎಲ್ಲಕ್ಕಿಂತ ದೊಡ್ಡದು ಸುಳ್ಳು ಸಾವಿನ ಆಟ. ಯಾರಾದರೂ ಇದ್ದಕ್ಕಿದ್ದಂತೆ ಓಣಿಯಲ್ಲಿ ಬೀಳಬೇಕು, ಉಳಿದವರು ಓಡಿ ಬಂದು ಬದುಕಿಸಬೇಕು. ಬಿದ್ದವನಿಗೆ ನಿಜವಾಗಿ ನೋವಾದರೆ "ಸಾಕವ್ವ" ಅನ್ನಬೇಕು, ಆಟ ಅಲ್ಲಿಗೆ ನಿಲ್ಲಬೇಕು. ಅದೊಂದೇ ಕಟ್ಟಳೆ.

ಒಂದು ದಿನ ಪಂಡಿತ ಹಸಿದು ಮನೆಗೆ ಬಂದರೆ ಅಡುಗೆಮನೆಯಲ್ಲಿ ಧಬಧಬ ಸಪ್ಪಳ. ಹೆಂಡತಿ ಶರಣಮ್ಮ ಮೊಣಕಾಲ ಮೇಲೆ ಕೂತು ಗುದ್ದುತ್ತಿದ್ದಾಳೆ.

"ಏನದು?"

"ಸ್ವಾರಿಕಾಯಿ."

"ಕಾಣತೈತಿ. ಅದನ್ನ್ಯಾಕ ಬಡಿಯಾಕತ್ತೀ?"

"ಗಂಟಲದಾಗ ಕಾಳು ಸಿಕ್ಕೇತ್ರಿ ಪಾಪ."

"ಮತ್ತ ಅಡಗಿ?"

"ಇದು ಬದುಕಿದ ಮ್ಯಾಲ."

ಪಂಡಿತ ಅವತ್ತು ಖಾರ ಹಚ್ಚಿಕೊಂಡು ತಣ್ಣನೆಯ ರೊಟ್ಟಿ ತಿಂದ. ತಿನ್ನುತ್ತ ತಿನ್ನುತ್ತ ಹಂಚಿಕೆ ಹಾಕಿದ. ಹೊಳೆ ತುಂಬಲಿ. ಎಲ್ಲರೂ ಹೊಳೆದಂಡೆಯ ಘಟ್ಟಿಯ ಮೇಲೆ ಕೂಡಿದಾಗ ತಾನು ಬೀಳಬೇಕು. ಅವಳ ಶಿಷ್ಯರಿಗೂ ಅವಳಿಗೂ ಗೊತ್ತಿರದ ರೋಗ ಹಿಡಿದು ಬೀಳಬೇಕು. ಅವಳು ಆಚೆಯಿಂದ ಏನೇನೋ ಕೇಳಬೇಕು, ಇವರು ಏನೇನೋ ಮಾಡಬೇಕು. ಆಮೇಲೆ ತಾನು ಎದ್ದು ಕೂತು, ನೋಡಿದಿರೇನ್ರೋ, ಆಕೆಯನ್ನ ನಂಬಿ ನಾನು ಸತ್ತೆ ಅನ್ನಬೇಕು. ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಎಷ್ಟೋ ಸಲ ಬಿದ್ದು ನೋಡಿದ ಅಂತಾರೆ. ಶರಣಮ್ಮ ಹೆಗ್ಗಣ ಸೇರಿದೆ ಅಂದುಕೊಂಡಳಂತೆ.

ಕೆಂಪು ನೀರು ಬಂತು. ಪಂಡಿತ ಹೊಟ್ಟೆ ತುಂಬ ಉಂಡ, ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡ, ಘಟ್ಟಿಗೆ ಬಂದ. ತಾಂಬೂಲ ಇಲ್ಲದೆ ಅವನು ಮನೆಯ ಹೊಸ್ತಿಲು ದಾಟಿದವನೇ ಅಲ್ಲ. ಬೀಳುವಾಗ ಉಗುಳಬೇಕು ಅಂತ ಹಿಂದಿನ ಕೋಣೆಯಲ್ಲಿ ಹೊಳೆದಿರಲಿಲ್ಲ, ಅಲ್ಲಿ ಬರೀ ಬಾಯಲ್ಲಿ ಬಿದ್ದಿದ್ದ.

ಬಿದ್ದ. ಏನು ಬಿದ್ದ ಅಂತೀರಿ, ಮೊದಲು ಒಂದು ಕೈ ತಿರುಚಿತು, ಆಮೇಲೆ ಒಂದು ಕಣ್ಣು, ಆಮೇಲೆ ಮೊಣಕಾಲು. ದೊಡ್ಡದೊಂದು ನರಳು ನರಳಬೇಕು ಅಂತ ಉಸಿರು ಎಳೆದ. ಉಸಿರಿನ ಜೊತೆ ಅಡಿಕೆ ಹೋಳೂ ಒಳಗೆ ಹೋಯಿತು.

ಜನ ಸುತ್ತಲೂ ಸೇರಿದರು.

"ಅಯ್ಯನೋರೂ ಆಟಕ್ಕ ಬಂದ್ರು ನೋಡ್ರೋ."

"ಎಷ್ಟ್ ಚಂದ ಸಾಯಾಕತ್ಯಾರ. ನಿನ್ನ ಹಂಗಲ್ಲ ನೋಡೋ ಮಾನಪ್ಪಾ, ನೀ ಬಿದ್ರ ಮಲಗಿಧಂಗ ಇರತೈತಿ."

ಪಂಡಿತ ಸಾಕವ್ವ ಅನ್ನಲು ನೋಡಿದ. ಸಾ ಸಹ ಬರಲಿಲ್ಲ. ಕಣ್ಣು ಕತ್ತಲೆ ಕಟ್ಟುವಾಗಲೂ ಅವನಿಗೆ ಅನಿಸಿದ್ದು ಒಂದೇ ಅಂತಾರೆ, ಬಂಡೆಯ ಮೇಲೆ ಆಕೆ ಇಲ್ಲದಿದ್ದರೆ ಸಾಕು. ಇದ್ದಳು.

"ಮಾತಾಡ್ತಾರೇನು?"

ಬೀರವ್ವ ನಗುತ್ತಲೇ ಕಂಬಳಿ ಬೀಸಿದಳು.

"ಕೆಮ್ಮತಾರೇನು?"

ಮತ್ತೆ ಕಂಬಳಿ. ಈ ಸಲ ನಗು ಸ್ವಲ್ಪ ಕಡಿಮೆ.

"ಕೈ ಗಂಟಲಕ್ಕ ಹೋಗೇತೇನು?"

ಹೋಗಿತ್ತು. ಹೌದು ಅನ್ನಲು ಬಿಳಿಯದು ಬೇಕು. ಅವತ್ತು ಯಾರ ತಲೆಯ ಮೇಲೂ ಬಿಳಿ ರುಮಾಲು ಇಲ್ಲ, ಎಲ್ಲ ಕೆಂಪು, ಎಲ್ಲ ಹಳದಿ. ಇಡೀ ಘಟ್ಟಿಯಲ್ಲಿ ಬಿಳಿಯದು ಅಂದರೆ ಪಂಡಿತ ಉಟ್ಟ ಧೋತರ ಒಂದೇ. ಶರಣಮ್ಮ ಹಿಂದೆ ಮುಂದೆ ನೋಡಲಿಲ್ಲ. ಒಂದೇ ಎಳೆತಕ್ಕೆ ಬಿಚ್ಚಿ ಹೊಳೆಯ ಕಡೆ ಬೀಸಿದಳು.

"ಆಟ ಅಲ್ಲ ಅದು, ಗಂಟಲದಾಗ ಏನೋ ಸಿಕ್ಕೇತಿ. ಬಗ್ಗಸ್ರಿ. ಸ್ವಾರಿಕಾಯಿ ಅನ್ಕೋರಿ. ಮಾನಪ್ಪಾ, ಗುದ್ದು," ಅಂತ ಆಚೆಯಿಂದ ಕೂಗು ಬಂತು.

ಮಾನಪ್ಪನ ಕೈ ಮೇಲೆ ಹೋದದ್ದು ಅಲ್ಲೇ ನಿಂತಿತು.

"ಅಯ್ಯನೋರ ಮೈಮ್ಯಾಲ ಕೈ ಮಾಡ್ಲೇನ್ ಬೇ ಯವ್ವಾ? ನಮ್ಮ ಮನಿತನಕ್ಕ ಗುರುಗಳು."

"ಗುದ್ದೋ," ಅಂದಳು ಶರಣಮ್ಮ. "ಪಾಪ ನನ್ನ ತಲಿಮ್ಯಾಲ ಇರಲಿ."

ಮಾನಪ್ಪ ಗುದ್ದಿದ. ಕಬ್ಬಿಣ ಬಡಿಯುವ ಕೈ. ಮತ್ತೆ ಗುದ್ದಿದ. ಅಡಿಕೆ ಹಾರಿತು. ಹಾರಿ ಹೊಳೆ ದಾಟಿ ದಂಡಿನಾಳದ ಒಂದು ಕೊಕ್ಕರೆಗೆ ಬಡಿಯಿತು ಅಂತಾರೆ. ನನ್ನ ಲೆಕ್ಕದಲ್ಲಿ ಅರ್ಧ ಹೊಳೆ ದಾಟಿರಬಹುದು. ಪಂಡಿತ ಉಸಿರು ಎಳೆದ, ಕೆಮ್ಮಿದ, ಲಂಗೋಟಿಯ ಮೇಲೆ ಎದ್ದು ಕೂತ. ಶರಣಮ್ಮ ಧೋತರ ಬೀಸುತ್ತಲೇ ಇದ್ದಳು, ಆಚೆ ದಂಡೆ ಗದ್ದಲ ಎಬ್ಬಿಸುತ್ತಲೇ ಇತ್ತು. "ಸಾಕವ್ವ," ಅಂದ ಪಂಡಿತ.

ಮನೆ ಸೇರಿ ಬಾಗಿಲು ಹಾಕಿಕೊಂಡ. ಸತ್ತಿದ್ದರೆ ವಾಸಿಯಿತ್ತು, ಅವಳ ಕೈಯಿಂದ ಬದುಕಿದೆನಲ್ಲ ಅಂತ ಗೋಡೆಗೆ ಮುಖ ಮಾಡಿ ಮಲಗಿದ. ಅಷ್ಟರಲ್ಲಿ ಕಟ್ಟೆಯ ಮೇಲೆ ಕೂತವರ ಮಾತು ಕಿಟಕಿಯಿಂದ ಒಳಗೆ ಬಂತು. ಗುದ್ದಿದ ಮಾನಪ್ಪನ ಸುದ್ದಿ ಇಲ್ಲ. ಕೂಗಿದ ಹುಸೇನವ್ವನ ಸುದ್ದಿ ಇಲ್ಲ. ಬೀಳೂದಂದ್ರ ಅದು ಬೀಳೂದು, ಆ ಕೈ ತಿರುವಿದ್ದು ನೋಡಿದೇನು, ಆ ಕಣ್ಣು ನೋಡಿದೇನು, ಅದೇ ಮಾತು. ಪಂಡಿತನ ಹೊಟ್ಟೆಯ ಉರಿಯ ಮೇಲೆ ಯಾರೋ ತಣ್ಣೀರು ಚಿಮುಕಿಸಿದಂತಾಯಿತು.

ಮರುದಿನ ತಾನಾಗಿಯೇ ಹೋಗಿ ಶಿಷ್ಯರ ನಡುವೆ ನಿಂತ. ನಿಮಗ ರೋಗಿ ಆಗಾಕ ಬರೂದಿಲ್ಲ, ಅತ್ತ ಸರೀರಿ ಅಂದ. ಅಲ್ಲಿಂದ ಶುರುವಾಯಿತು ನೋಡಿ. ಯಾವ ರೋಗ ಹೇಗೆ ಕಾಣುತ್ತದೆ ಅಂತ ಅವನಷ್ಟು ಬಲ್ಲವರು ಯಾರಿದ್ದರು? ಹಾವು ಕಚ್ಚಿದವನ ರೆಪ್ಪೆ ಹೇಗೆ ಜೋತು ಬೀಳುತ್ತದೆ, ಲಕ್ವ ಹೊಡೆದವನ ಬಾಯಿ ಯಾವ ಕಡೆ ಸೊಟ್ಟಗಾಗುತ್ತದೆ, ಬಿಸಿಲು ಬಡಿದವನು ಏನೇನು ಬಡಬಡಿಸುತ್ತಾನೆ, ಎಲ್ಲ ಮಾಡಿ ತೋರಿಸಿದ. ಕಲಿಸಬೇಕು ಅಂತ ಅಲ್ಲ, ಅವಳನ್ನ ಸೋಲಿಸಬೇಕು ಅಂತ. ದಿನಕ್ಕೊಂದು ಕಷ್ಟದ ರೋಗ ಹಿಡಿದು ಬೀಳುವನು. ಆಕೆ ಆಚೆಯಿಂದ ಇನ್ನೂ ಚೂಪಾದ ಪ್ರಶ್ನೆ ಕೇಳುವಳು. ಬಿಳಿಯದು, ಕರಿಯದು, ಬಿಳಿಯದು. ಇವರಿಬ್ಬರ ಜಿದ್ದಿನ ನಡುವೆ ಸಿಕ್ಕು ಗಡ್ಡಿಯವರ ಕೈ ಎಷ್ಟು ಪಳಗಿದವೆಂದರೆ, ಆ ಕಾಲದಲ್ಲಿ ಗಡ್ಡಿಯಲ್ಲಿ ಸಾಯುವುದು ಬಹಳ ಕಷ್ಟವಾಗಿತ್ತು ಅಂತಾರೆ.

ಒಂದು ಸಲ ಹುಸೇನವ್ವ ತಪ್ಪು ಹೇಳಿದಳು. ಹೊಟ್ಟೆಯೊಳಗಿನ ಏಟಿಗೆ ಬಿಸಿಲಿನ ಏಟು ಅಂದುಬಿಟ್ಟಳು. ಪಂಡಿತ ಎದ್ದು ಇಡೀ ಊರಿಗೆ ಬೆಲ್ಲ ಹಂಚಿದ.

"ನೀ ಸತ್ತೀಯೋ ಪಂಡಿತ," ಅಂತ ಕೂಗಿದಳಂತೆ ಆಕೆ. "ತನ್ನ ತಿಥಿ ದಿನಕ್ಕ ತಾನ ಬೆಲ್ಲ ಹಂಚಾವ್ರನ್ನ ಎಲ್ಲೀ ನೋಡಿಲ್ಲ ಬಿಡು."

ವರ್ಷ ಕಳೆದಂತೆ ದಂಡಿನಾಳದ ದಂಡೆಗೆ ಸುತ್ತಲಿನ ಊರಿನವರು ಗಾಡಿ ಕಟ್ಟಿಕೊಂಡು ಬರತೊಡಗಿದರು, ಆಚೆ ಪಂಡಿತ ಬೀಳುವುದನ್ನ ನೋಡಲು. ಹುಸೇನವ್ವನ ಬಂಡೆಯ ಮುಂದೆಯೇ, ಆಕೆಗೆ ಬೆನ್ನು ಮಾಡಿ ಕೂರುತ್ತಿದ್ದರು. ಒಂದು ದಿನ ಆಕೆ ಕೇಳಬೇಕಾದ್ದು ಕೇಳುವ ಮೊದಲೇ ಯಾರೋ ತಿರುಗಿ, ಸುಮ್ನ ಇರಬೇ ಸ್ವಲ್ಪ, ಪೂರಾ ಬೀಳಲಿ ಅಂದರು.

ಆಮೇಲೆ ಬಂದ ಕೂಗನ್ನ ಪಂಡಿತ ಮಲಗಿದಲ್ಲಿಂದಲೇ ಕೇಳಿದ. "ಉಸಿರು ಐತೇನು?" ಅದೇ ಮಾತು, ಅದೇ ಗಂಟಲು. ಆದರೆ ಕೊನೆಯಲ್ಲಿ ಸಣ್ಣಗೆ ಏನೋ ಮುರಿದಿತ್ತು. ಅದು ಏನು ಅಂತ ಅವನಿಗೆ ತಟ್ಟನೆ ತಿಳಿಯಿತು. ಎಷ್ಟು ವರ್ಷ ಅದೇ ಉರಿಗೆ ಮಜ್ಜಿಗೆ ಕುಡಿದವನಲ್ಲವೆ. ನಾಡಿ ಮುಟ್ಟದೆ, ಹೊಳೆಯ ಈಚೆಯಿಂದಲೇ ಪಂಡಿತ ಕೊಟ್ರಯ್ಯ ಗುರುತು ಹಿಡಿದ ರೋಗ ಅದೊಂದೇ.

ಅವನು ಯಾರೂ ಬದುಕಿಸುವ ಮೊದಲೇ ಎದ್ದ. ಧೋತರ ತಾನೇ ಬಿಚ್ಚಿದ, ಬಂಡೆಯ ಕಡೆ ತಿರುಗಿ ಬೀಸಿದ. ಆಚೆ ದಂಡೆಯ ಜನ ಇವನು ಯಾರಿಗೆ ಬೀಸುತ್ತಿದ್ದಾನೆ ಅಂತ ಒಬ್ಬೊಬ್ಬರಾಗಿ ಹಿಂದಕ್ಕೆ ತಿರುಗಿದರು. ಎಲ್ಲರೂ ತಿರುಗಿ ಆಕೆಯನ್ನ ನೋಡುವ ತನಕ ಬೀಸಿದ. ಆಮೇಲೂ ಬೀಸಿದ. ಕೊನೆಗೆ ಆಚೆಯಿಂದ ಕೂಗು ಬಂತು.

"ಸಾಕಪ್ಪ. ಉಟ್ಕೋ ಇನ್ನ."

ಈಗ ಅಲ್ಲಿ ಸೇತುವೆ ಇದೆ. ಗಡ್ಡಿಯಲ್ಲಿ ಯಾರಿಗೇನಾದರೂ ಆದರೆ ಫೋನಿನಲ್ಲಿ ಮುಖ ತೋರಿಸಿ ಡಾಕ್ಟರನ್ನ ಕೇಳುತ್ತಾರೆ. ಆದರೂ ಹೊಳೆಗೆ ಮೊದಲ ಕೆಂಪು ನೀರು ಬಂದ ದಿನ ಮೊಸಳಿಗಡ್ಡಿಯ ಘಟ್ಟಿಯಲ್ಲಿ ಒಬ್ಬ ಗಂಡಸು ಎರಡು ಧೋತರ ಉಟ್ಟು ಬಂದು ಬೀಳುತ್ತಾನೆ. ಆಚೆ ಬಂಡೆಯ ಮೇಲಿಂದ ದಂಡಿನಾಳದ ಒಬ್ಬಾಕೆ ಕೇಳುತ್ತಾಳೆ. ಕರಿಯದು ಬೀಸುತ್ತಾರೆ, ಬಿಳಿಯದು ಬೀಸುತ್ತಾರೆ, ಬಗ್ಗಿಸಿ ಗುದ್ದುತ್ತಾರೆ. ಬಿದ್ದವನು ಎದ್ದ ಮೇಲೆ ಮೇಲಿನ ಧೋತರ ಬಿಚ್ಚಿ ಬಂಡೆಯ ಕಡೆ ಬೀಸಬೇಕು. ಅಲ್ಲಿಂದ ಸಾಕಪ್ಪ ಅನ್ನುವ ತನಕ ನಿಲ್ಲಿಸುವಂತಿಲ್ಲ. ಕೆಲವು ವರ್ಷ ಆಕೆ ಬೇಕೆಂದೇ ಬಹಳ ಹೊತ್ತು ಸುಮ್ಮನಿರುತ್ತಾಳಂತೆ.

ಇಷ್ಟು ಹೊತ್ತು ಕೂಗಿದೆ ನೋಡಿ, ಗಂಟಲು ಕಿತ್ತು ಬರುತ್ತಿದೆ. ಕುಡಿದ ಚಹಾ ಒಂದು, ಈಗ ತರಲು ಹೇಳಿದ್ದು ಇನ್ನೊಂದು. ಎರಡರ ದುಡ್ಡೂ ನಿಮ್ಮ ಕಡೆಗೇ ಇರಲಿ, ನನ್ನ ಕಿಸೆ ಇನ್ನೊಂದು ಅಂಗಿಯಲ್ಲಿ ಉಳಿದಿದೆ.