ಅಳತೆ ಪ್ಯಾಂಟು

"ಕಾಲಿಂದೇನೂ ತಪ್ಪಿಲ್ಲ ಕಣೋ," ಅಂದ್ರು ವಿಠೋಬ ಮಾಸ್ಟ್ರು. "ಕಾಲು ದೇವ್ರು ಕೊಟ್ಟಷ್ಟು ಉದ್ದ ಇರುತ್ತೆ. ಅದರ ಮೇಲೆ ಕೇಸು ಹಾಕೋಕಾಗುತ್ತಾ?"

ಓಂಕಾರಪ್ಪ ಕಾಲಿನ ವಿಷಯ ಎತ್ತೇ ಇರ್ಲಿಲ್ಲ. ಹತ್ತು ನಿಮಿಷದಿಂದ ಅವನು ಬಡ್ಕೊಳ್ತಾ ಇದ್ದಿದ್ದೇ ಬೇರೆ. ಆದ್ರೆ ಮಾಸ್ಟ್ರ ಚಾಳಿ ಅದು. ಬಾಯಲ್ಲಿ ಕೇಳಿದ್ದಕ್ಕೆ ಉತ್ತರ ಕೊಡಲ್ಲ, ಹೊಟ್ಟೆಲಿ ಬಚ್ಚಿಟ್ಕೊಂಡಿದ್ದಕ್ಕೆ ಕೊಡ್ತಾರೆ. ಇಪ್ಪತ್ನಾಲ್ಕು ವರ್ಷ ಅವರ ಪಕ್ಕ ನಿಂತು ಕತ್ತರಿ ಹಿಡಿಯೋದು ಕಲಿತ ಶಿಷ್ಯಂಗೆ ಇದು ಗೊತ್ತಿಲ್ದೇ ಏನಿಲ್ಲ. ಗೊತ್ತಿದ್ದೂ ಪ್ರತಿ ಸಲ ಸಿಕ್ಕಿಹಾಕ್ಕೊಳ್ತಾನೆ.

ವಿಷಯ ಇಷ್ಟು. ಅರಸೀಕೆರೆ ಸ್ಟೇಷನ್ ಹಿಂದಿನ ಗಲ್ಲಿಲಿ, ತಮ್ಮ ಮನೆ ಮುಂದಿನ ರೂಮಲ್ಲೇ ಮಾಸ್ಟ್ರು ಟೈಲರ್ ಅಂಗಡಿ ಇಟ್ಕೊಂಡಿದ್ರು. ಅಲ್ಲಿಗೆ ಕಾಜಾ ಹೊಲಿಯೋಕೆ, ಗುಂಡಿ ಹಾಕೋಕೆ ಬರ್ತಿದ್ದವಳು ಸುಗುಣ. ಗಂಡ ತೀರ್ಕೊಂಡು ಎಂಟು ವರ್ಷ ಆಗಿತ್ತು. ಓಂಕಾರಪ್ಪಂಗೆ ನಲವತ್ತಾರು. ಮೂರು ಜನ ತಂಗೀರ ಮದ್ವೆ ಮಾಡೋ ಗಡಿಬಿಡಿಲಿ ತಾನು ಮದ್ವೆ ಆಗೋದು ಮರೆತೇಹೋಗಿತ್ತು. ಕಳೆದ ಸೋಮವಾರ ಸುಗುಣ ಸೂಜಿ ಪಕ್ಕಕ್ಕಿಟ್ಟು ನೇರವಾಗಿ ಕೇಳಿದ್ಲು.

"ಓಂಕಾರಪ್ನೋರೇ, ನನ್ನ ಮದ್ವೆ ಆಗ್ತೀರಾ? ಹೂಂ ಅಂದ್ರೆ ಹೂಂ. ಇಲ್ಲ ಅಂದ್ರೆ ನಾನು ತಿಪಟೂರಿಗೆ ಅಕ್ಕನ ಮನೆಗೆ ಹೋಗ್ಬಿಡ್ತೀನಿ, ಇಲ್ಲಿಗೆ ಬರಲ್ಲ. ಶುಕ್ರವಾರ ಸಂಜೆ ಆರಕ್ಕೆ ಬರ್ತೀನಿ. ನಂಗೆ ಉತ್ತರ ಬೇಕು. ಕಾಫಿ ಕುಡೀರಿ ಅಂತೆಲ್ಲ ಎಳೀಬೇಡಿ."

ಈಗ ಶುಕ್ರವಾರ, ಐದೂವರೆ.

"ನೀವೇ ಒಂದು ಮಾತು ಹೇಳ್ಬಿಡಿ ಮಾಸ್ಟ್ರೇ," ಅಂತ ಓಂಕಾರಪ್ಪ ಗೋಗರೆದಿದ್ದ. "ಓಂಕಾರಪ್ಪಂಗೆ ಇಷ್ಟ ಇಲ್ಲ ಅಂತ ಸುಗುಣಂಗೆ. ನೀವು ಹೇಳಿದ್ರೆ ಬೇಜಾರು ಮಾಡ್ಕೊಳ್ಳಲ್ಲ. ನಾನು ಆ ಹೊತ್ತಿಗೆ ಇಲ್ಲಿರಲ್ಲ." ಕಾರಣಗಳೂ ಬೇಕಾದಷ್ಟು ತಂದಿದ್ದ. ವಯಸ್ಸಾಯ್ತು. ತಂಗೀರು ಏನಂತಾರೋ. ಮೆಸ್ಸಲ್ಲಿ ಉಂಡು, ಒಬ್ನೇ ಮಲಗಿ ಅಭ್ಯಾಸ ಆಗಿಹೋಗಿದೆ. ಸೋಮವಾರದಿಂದ ದಿನಾ ಎರಡು ಸಲ ಗಡ್ಡ ಹೆರೀತಾ ಇದ್ದಿದ್ದನ್ನ ಮಾತ್ರ ಹೇಳ್ಲಿಲ್ಲ. ನನ್ನಂಥೋನಿಗೆ ಇದೆಲ್ಲ ಹೊಂದುತ್ತಾ ಅಂತಾನೂ ಕೇಳ್ಲಿಲ್ಲ. ಮಾಸ್ಟ್ರು ಉತ್ತರ ಶುರು ಮಾಡಿದ್ದು ಅವನು ಕೇಳದೇ ಇದ್ದ ಆ ಪ್ರಶ್ನೆಗೆ.

"ಒಂದೂರು," ಅಂದ್ರು. "ಅಲ್ಲೊಬ್ಬ ದರ್ಜಿ. ಅದೇ ಊರಲ್ಲಿ ಇಬ್ರು ಅಣ್ಣತಮ್ಮಂದ್ರು."

"ಯಾವೂರು ಮಾಸ್ಟ್ರೇ?"

"ಜನ ಪ್ಯಾಂಟು ಹಾಕ್ಕೊಳ್ಳೋ ಊರು. ಸುಮ್ನೆ ಕೇಳು."

ಅಣ್ಣತಮ್ಮಂದ್ರು ಇಬ್ರೂ ಒಂದೇ ಎತ್ತರ. ಗೋಡೆಗೆ ಒರಗಿಸಿ ನಿಲ್ಲಿಸಿದ್ರೆ ಪೆನ್ಸಿಲ್ ಗೆರೆ ಒಂದೇ ಜಾಗದಲ್ಲಿ ಬೀಳ್ತಿತ್ತು. ಆದ್ರೆ ಅಣ್ಣಂಗೆ ಮೈ ಉದ್ದ, ಕಾಲು ಗಿಡ್ಡ. ಕುರ್ಚಿ ಮೇಲೆ ಕೂತ್ರೆ ತಹಸೀಲ್ದಾರ್ ಥರ ಕಾಣ್ತಿದ್ದ. ಎದ್ದು ನಿಂತ್ರೆ ಇನ್ನೂ ಪೂರ್ತಿ ಎದ್ದಿಲ್ವೇನೋ ಅನ್ಸೋದು. ತಮ್ಮಂಗೆ ಬರೀ ಕಾಲು. ಎದೆ ಮುಗಿದ ತಕ್ಷಣ ಕಾಲು ಶುರು. ಟಾಕೀಸಲ್ಲಿ ಅವನ ಹಿಂದೆ ಕೂತೋರಿಗೆ ಹಬ್ಬ, ಮುಂದೆ ಕೂತೋರಿಗೆ ಬೆನ್ನು ನೋವು.

ಓಂಕಾರಪ್ಪ ನಕ್ಕ. ನಗ್ತಾನೇ ಗಡಿಯಾರ ನೋಡ್ದ.

ತಮ್ಮಂಗೆ ಮೊದಲ ಸಲ ಪ್ಯಾಂಟು ಹೊಲಿಸೋಕೆ ಅವರಮ್ಮ ದರ್ಜಿ ಹತ್ರ ಬಂದ್ಲು. ಜೊತೆಗೆ ಅಣ್ಣನ ಪ್ಯಾಂಟೊಂದನ್ನ ತಂದಿದ್ಲು. "ಟೇಪು ಗೀಪು ಏನೂ ಬೇಡ ಕಣಪ್ಪ. ಇಬ್ರೂ ಒಂದೇ ಎತ್ತರ. ಇದನ್ನೇ ಅಳತೆಗೆ ಇಟ್ಕೊ."

ದರ್ಜಿ ಹುಡುಗನ ಕಾಲು ನೋಡ್ದ. ನೋಡ್ದ, ಅದನ್ನ ನೆನಪಿಟ್ಕೋ. ಆದ್ರೆ ದೀಪಾವಳಿಗೆ ಎಂಟೇ ದಿನ ಇತ್ತು. ಬಟ್ಟೆ ಮೂಟೆಗಟ್ಲೆ ಬಿದ್ದಿತ್ತು. ಸುಮ್ನೆ ಅಳತೆ ಪ್ಯಾಂಟು ಹಾಸಿ, ಅದರ ಸುತ್ತ ಗೆರೆ ಎಳೆದು, ಕತ್ತರಿಸಿ ಹೊಲಿದ.

ಪ್ಯಾಂಟು ಪಾದದ ಗಂಟಿಂದ ನಾಲ್ಕು ಬೆರಳು ಮೇಲೇ ಮುಗೀತು. ಮೇಲ್ಗಡೆ ಅಣ್ಣನ ಉದ್ದ ಮೈಗೆ ಅಂತ ಬಿಟ್ಟಿದ್ದ ಬಟ್ಟೆ ತೊಡೆ ಮಧ್ಯೆ ಸಂತೆ ಚೀಲದ ಥರ ಜೋತುಬಿತ್ತು. ಶಾಲೆಲಿ ಹುಡುಗ್ರು ಬಿಡ್ತಾರಾ? "ಏನೋ, ನಿಮ್ಮ ಬೀದಿಗೆ ನೀರು ನುಗ್ಗಿದ್ಯೇನೋ?" ಅಂದ್ರು. ಅವನು ಮನೆಗೆ ಬಂದು ಅಮ್ಮಂಗೆ ಹೇಳ್ದ. ಅಮ್ಮ ಅಣ್ಣನ್ನ ತೋರ್ಸಿ, "ಅವನಿಗೆ ಸರಿಯಾಗೇ ಇದ್ಯಲ್ಲೋ? ನಿನ್ನ ಕಾಲೇ ಸೊಟ್ಟ," ಅಂದ್ಲು. ಪಾಪ, ಕೆಟ್ಟ ಮನಸ್ಸಿಂದ ಅಂದಿದ್ದಲ್ಲ. ಒಲೆ ಮೇಲೆ ಅನ್ನ ಕುದೀತಿತ್ತು, ಬಾಯಿಗೆ ಬಂದಿದ್ದು ಅಂದ್ಲು. ಹುಡುಗ ನಂಬ್ದ.

ಆವತ್ತಿಂದ ಒಂದು ಕೈ ಯಾವಾಗ್ಲೂ ಜೇಬಲ್ಲಿ. ಪ್ಯಾಂಟನ್ನ ಕೆಳಗೆ ಒತ್ತಿ ಹಿಡ್ಕೊಳ್ಳೋಕೆ. ಊರೋರು ಅದನ್ನ ಜಂಬ ಅಂದ್ಕೊಂಡ್ರು. ನಿಂತಾಗ ಮಂಡಿ ಒಂಚೂರು ಬಗ್ಗಿಸ್ತಿದ್ದ, ಪ್ಯಾಂಟಿನ ಅಂಚು ಇನ್ನೊಂದು ಬೆರಳು ಕೆಳಗೆ ಇಳೀಲಿ ಅಂತ. ಹಂಗೇ ಬಗ್ಗಿ ಬಗ್ಗಿ ಬೆನ್ನೂ ಗೂನಾಯ್ತು. ಡ್ರಿಲ್ ಮೇಷ್ಟ್ರು ಹೈಜಂಪಿಗೆ ಬಾ ಅಂತ ಮೂರು ಸಲ ಕರೆದ್ರು. ಅಂಥ ಕಾಲು ಇಡೀ ತಾಲೂಕಲ್ಲಿ ಇರ್ಲಿಲ್ಲ. ಚಡ್ಡಿ ಹಾಕ್ಕೊಂಡ್ರೆ ಕಾಲು ಎಲ್ಲರಿಗೂ ಕಾಣುತ್ತೆ ಅಂತ ಹೋಗ್ಲಿಲ್ಲ. ಹೆಣ್ಣು ನೋಡೋಕೆ ಹೋದಾಗ ಎರಡು ಗಂಟೆ ಕಾಲನ್ನ ಕುರ್ಚಿ ಕೆಳಗೆ ಮಡಚಿಟ್ಕೊಂಡು ಕೂತಿದ್ದ. ಏಳುವಾಗ ಕಾಲು ಜೋಮು ಹಿಡಿದು ಬಿದ್ದ. ಪುಣ್ಯ, ಹುಡುಗಿ ನಕ್ಕು ಒಪ್ಕೊಂಡ್ಲು.

"ಬೇರೆ ಟೈಲರ್ ಹತ್ರ ಹೋಗ್ಬೋದಿತ್ತಲ್ಲ?" ಅಂದ ಓಂಕಾರಪ್ಪ.

"ಹೋಗ್ದೇ ಏನು! ಹೋದಾಗ್ಲೆಲ್ಲ ಕಂಕುಳಲ್ಲಿ ಅಳತೆ ಪ್ಯಾಂಟು ಇಟ್ಕೊಂಡೇ ಹೋದ."

ಬೆಳೆಯೋ ವಯಸ್ಸಲ್ಲಿ ಪ್ರತಿ ವರ್ಷ ಅಣ್ಣನ ಪ್ಯಾಂಟೇ ಅಳತೆ. ಆಮೇಲೆ ಹಳೇದು ಹರಿದ್ರೆ, ಅದನ್ನ ನೋಡಿ ಹೊಲಿದ ಹೊಸದೇ ಅಳತೆ ಪ್ಯಾಂಟು. ಅದೂ ಹರಿದ್ರೆ ಅದರ ಮರಿ. ಹಿಂಗೆ ಅಣ್ಣನ ಪ್ಯಾಂಟಿಗೆ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಆದ್ವು. ಕುಲ ಕೆಡ್ಲಿಲ್ಲ, ಎಲ್ಲವೂ ನಾಲ್ಕು ಬೆರಳು ಗಿಡ್ಡ. ನಡುವೆ ರೆಡಿಮೇಡ್ ಅಂಗಡಿ ಬಂತು. ಅಲ್ಲೂ ನೋಡ್ದ. ಸೊಂಟಕ್ಕೆ ಆಗೋದು ಕಾಲಿಗೆ ಸಾಲ್ತಿರ್ಲಿಲ್ಲ. ಕಾಲಿಗೆ ಆಗೋದ್ರ ಸೊಂಟದಲ್ಲಿ ಅವನ ಜೊತೆ ಅವನ ಹೆಂಡ್ತೀನೂ ಹಿಡೀತಿದ್ಲು. ಅಂಗಡಿಯವನು ಹತ್ತು ಪ್ಯಾಂಟು ಮಡಚಿಟ್ಟು ಸುಸ್ತಾಗಿ, "ಸಾರ್, ನಮ್ಮ ಸೈಜೆಲ್ಲ ಕರೆಕ್ಟಾಗಿದೆ, ನಿಮ್ಮ ಬಾಡಿನೇ ಸರಿಯಿಲ್ಲ," ಅಂದ. ಅದನ್ನೂ ನಂಬ್ದ. ಚಿಕ್ಕಂದಿಂದ ಕೇಳಿದ್ದೇ ತಾನೆ.

ಅವನಿಗೆ ಐವತ್ತಾರು ವರ್ಷ ಆಯ್ತು. ಮಗಳ ಮದ್ವೆ ಬಂತು. ಪ್ಯಾಂಟು ಹೊಲಿಸ್ಬೇಕು. ನೋಡಿದ್ರೆ ಟ್ರಂಕಲ್ಲಿದ್ದ ಪ್ಯಾಂಟುಗಳನ್ನೆಲ್ಲ, ಅಳತೆದನ್ನೂ ಸೇರಿಸಿ, ಇಲಿ ತಿಂದುಹಾಕಿತ್ತು. ಉಟ್ಟಿದ್ದ ಪಂಚೇಲೇ ಮೊದಲಿನ ಆ ದರ್ಜಿ ಹತ್ರ ಬಂದ. "ಇವತ್ತು ಅಳತೆಗೆ ಏನೂ ಇಲ್ಲ, ಏನ್ ಮಾಡೋದು?" ಅಂತ ಕಳ್ಳನ ಥರ ನಿಂತ.

ದರ್ಜಿ ಟೇಪು ತಗೊಂಡ. ಸೊಂಟದಿಂದ ಹಿಮ್ಮಡಿವರೆಗೂ ಎಳೆದ. ಒಳಗಾಲಿಗೆ ಟೇಪು ತಗುಲಿದಾಗ ಆ ಮನುಷ್ಯ ಬೆಚ್ಚಿಬಿದ್ದ. ಅಷ್ಟು ವರ್ಷದಲ್ಲಿ ಯಾರೂ ಅವನ ಕಾಲು ಅಳೆದೇ ಇರ್ಲಿಲ್ಲ.

ಓಂಕಾರಪ್ಪ ಈ ಸಲ ಗಡಿಯಾರ ನೋಡ್ಲಿಲ್ಲ.

ದರ್ಜಿ ನಾಲ್ಕು ದಿನ ಕೂತು ಹೊಲಿದ. ನಲವತ್ತೈದು ವರ್ಷ ಕೆಲಸ ಮಾಡಿದ್ದ, ಅಂಥ ಪ್ಯಾಂಟು ಹೊಲಿದಿರ್ಲಿಲ್ಲ. ಆ ಮನುಷ್ಯ ಬಂದ, ಹಾಕ್ಕೊಂಡ, ಕನ್ನಡಿ ಮುಂದೆ ನಿಂತ. ಇಸ್ತ್ರಿ ಗೆರೆ ಸೊಂಟದಿಂದ ಚಪ್ಪಲಿವರೆಗೂ ನೆಟ್ಟಗೆ ಇಳಿದಿತ್ತು. ಅಭ್ಯಾಸಬಲ ನೋಡು, ಕೈ ಜೇಬಿಗೆ ಹೋಯ್ತು. ಒತ್ತಿ ಹಿಡ್ಕೊಳ್ಳೋಕೆ ಏನೂ ಇರ್ಲಿಲ್ಲ. ಕೈ ಆಚೆ ತೆಗೆದ. ಮಂಡಿ ನೆಟ್ಟಗೆ ಮಾಡ್ದ. ಬೆನ್ನೂ ನೆಟ್ಟಗಾಯ್ತು. ಒಂದು ಗಳಿಗೆ, ಎಂಥ ಗಂಡಸು ನಿಂತಿದ್ದ ಗೊತ್ತಾ ಅಲ್ಲಿ!

ಆಮೇಲೆ ಅವನು ಮೆಲ್ಲಗೆ, "ಬೇರೆ ಯಾರ್ದೋ ಪ್ಯಾಂಟು ಹಾಕ್ಕೊಂಡಂಗಿದೆ," ಅಂದ. "ನಾಲ್ಕು ಬೆರಳು ಕಮ್ಮಿ ಮಾಡ್ಕೊಡಿ."

"ಎರಡು ದಿನ ಹಾಕ್ಕೊಂಡು ಓಡಾಡಿ ನೋಡಿ," ಅಂದ ದರ್ಜಿ.

"ಬೇಡ. ಇಷ್ಟು ವರ್ಷ ಕಳ್ದೋಯ್ತು, ಇನ್ನೆಷ್ಟಿದೆ."

"ಹಂಗಾದ್ರೆ ಕತ್ತರಿಸೋದು ಬೇಡ, ಒಳಗೆ ಮಡಚಿ ಹೊಲೀತೀನಿ. ಬೇಕು ಅನ್ಸಿದಾಗ ಬಿಚ್ಕೋಬೋದು."

"ಮಡಚಿಟ್ರೆ ಮನಸ್ಸೆಲ್ಲ ಅಲ್ಲೇ ಇರುತ್ತೆ. ಕತ್ತರಿಸ್ಬಿಡಿ."

ದರ್ಜಿ ಕತ್ತರಿಸ್ದ. ಆ ಮನುಷ್ಯ ಹಾಕ್ಕೊಂಡು, ಕೈ ಜೇಬಿಗೆ ಇಳಿಬಿಟ್ಟು, ಬಗ್ಗಿಕೊಂಡು ಹೊರಟುಹೋದ.

"ಆಮೇಲೆ?" ಅಂದ ಓಂಕಾರಪ್ಪ.

"ಆಮೇಲೇನು, ಮದ್ವೆ ಆಯ್ತು. ಚಿರೋಟಿ ಚೆನ್ನಾಗಿತ್ತಂತೆ."

ಓಂಕಾರಪ್ಪಂಗೆ ಕೋಪ ಬಂತು. ಯಾರ ಮೇಲೆ ಅಂತ ಗೊತ್ತಾಗ್ಲಿಲ್ಲ. ಆ ಅಮ್ಮನ ಮೇಲೂ ಬಂತು, ಉದ್ದ ಕಾಲಿನ ಆ ಹೇಡಿ ಮೇಲೂ ಬಂತು. ಹೇಡಿ ಅಂದ್ಕೊಂಡ ತಕ್ಷಣ ಆ ಮಾತು ತನಗೇ ಬಡೀತು. ದರ್ಜಿನಾದ್ರೂ ಬಚಾವ್ ಮಾಡೋಣ ಅಂತ ಬಾಯಿ ಬಿಟ್ಟ.

"ಅವನೇ ಬೇಡ ಅಂದ್ಮೇಲೆ ದರ್ಜಿ ಇನ್ನೇನ್ ಮಾಡ್ತಾನೆ ಮಾಸ್ಟ್ರೇ? ಗಿರಾಕಿ ಹೇಳ್ದಂಗೆ ಮಾಡೋದಲ್ವಾ ಅವನ ಕೆಲಸ?"

"ಹಂಗೇ ಅಂದ್ಕೊಂಡು ಕಣೋ ಆವತ್ತು ನಾನು ಕತ್ತರಿ ಹಾಕಿದ್ದು."

ಆರಕ್ಕೆ ಮುಂಚೆ ಜಾಗ ಖಾಲಿ ಮಾಡ್ಬೇಕು ಅಂದ್ಕೊಂಡಿದ್ದ ಓಂಕಾರಪ್ಪ ಅಲ್ಲೇ ಉಳಿದ. ಹೊರಗೆ ಮೆಟ್ಲ ಮೇಲೆ ಚಪ್ಪಲಿ ಸದ್ದಾಯ್ತು. ಸುಗುಣ ಹೊಸ್ತಿಲಲ್ಲಿ ನಿಂತ್ಲು, ಊರಿಗೆ ಹೊರಟವಳ ಥರ ಬ್ಯಾಗು ಹೆಗಲಿಗೆ ಹಾಕ್ಕೊಂಡು. ಮಾಸ್ಟ್ರನ್ನ ನೋಡಿದ್ಲು, ಆಮೇಲೆ ಓಂಕಾರಪ್ಪನ್ನ.

ಮಾಸ್ಟ್ರು ಕುತ್ತಿಗೆಲಿದ್ದ ಟೇಪು ತೆಗೆದು ಮೊಳೆಗೆ ನೇತುಹಾಕಿದ್ರು. ಚಪ್ಪಲಿ ಮೆಟ್ಕೊಂಡ್ರು. ಅವಳು ಒಳಗೆ ಬರೋವರೆಗೂ ಪಕ್ಕಕ್ಕೆ ಸರಿದು ನಿಂತು, ಇಬ್ಬರ ಮುಖಾನೂ ನೋಡ್ದೇ ಹೊರಗೆ ಹೋಗಿ, ಬಾಗಿಲೆಳ್ಕೊಂಡ್ರು.