ವೈರಸ್ಸಿನ ಚೀಟಿ

ಗಂಟಲಿನ ಗೋಡೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ಬದುಕಿದ್ದ ಜೀವಕೋಶಗಳಲ್ಲಿ ಒಂದರ ಬಾಗಿಲಿಗೆ ವೈರಸ್ಸೊಂದು ಬಂದಿತು. ಅದಕ್ಕೆ ಕೈಯಿಲ್ಲ, ಕಾಲಿಲ್ಲ, ಹೊಟ್ಟೆಯೂ ಇಲ್ಲ. ಮುಳ್ಳಿನ ಅಂಗಿಯೊಳಗೆ ಒಂದು ಚೀಟಿ ಮಾತ್ರ ಇತ್ತು. ಅಂಗಿಯ ಮುಳ್ಳು ಬೀಗಕ್ಕೆ ಸರಿಯಾಗಿ ಕೂತದ್ದರಿಂದ, ಗೊತ್ತಿದ್ದವರೇ ಇರಬೇಕೆಂದು ಜೀವಕೋಶ ಒಳಗೆ ಬಿಟ್ಟುಕೊಂಡಿತು.

ಅಲ್ಲಿನ ಕೆಲಸಗಾರರಿಗೆ ಚೀಟಿಯಲ್ಲಿ ಇದ್ದದ್ದನ್ನು ಮಾಡಿ ಗೊತ್ತೇ ಹೊರತು ಬರೆದವರು ಯಾರೆಂದು ಕೇಳಿ ಗೊತ್ತಿರಲಿಲ್ಲ. ವೈರಸ್ಸು ಚೀಟಿ ಕೊಟ್ಟಿತು. ಅವರು ಅದರಂಥದ್ದೇ ವೈರಸ್ಸುಗಳನ್ನು ಒಂದರ ಹಿಂದೊಂದು ಮಾಡತೊಡಗಿದರು.

"ನಿಲ್ಲಿಸಿ!" ಎಂದು ಜೀವಕೋಶ ಕೂಗಿತು. ಯಾರೂ ಕೇಳಲಿಲ್ಲ.

"ಇನ್ನು ನಿನ್ನ ಮಾತು ನಡೆಯುವುದಿಲ್ಲ," ಎಂದಿತು ವೈರಸ್ಸು. "ಮನೆ ತುಂಬಿದ ಮೇಲೆ ಒಡೆದುಕೊಂಡು ಹೊರಡುತ್ತೇವೆ."

"ತುಂಬುವವರೆಗೆ ನಾನು ಬಿಟ್ಟರೆ ತಾನೇ?" ಎಂದ ಜೀವಕೋಶ, "ಚೀಟಿ ಬಂದರೆ ಮುಟ್ಟಬೇಡಿ!" ಎಂದು ನೆರೆಯವರಿಗೆ ಕೂಗಿ ಹೇಳಿ, ತನ್ನ ಗೋಡೆಗಳನ್ನು ತಾನೇ ಒಳಕ್ಕೆ ಕೆಡವತೊಡಗಿತು.

"ಹುಚ್ಚೇ ನಿನಗೆ? ನೀನೂ ಸಾಯುತ್ತೀ!"

"ಸಾಯುತ್ತೇನೆ. ಮನೆ ನನ್ನದು, ಕೆಡವುವುದೂ ನಾನೇ."

ಮನೆ ಕುಸಿಯಿತು. ವೈರಸ್ಸೂ ಅರ್ಧಂಬರ್ಧ ಆಗಿದ್ದ ಅದರ ಮರಿಗಳೂ ಅಡಿಯಲ್ಲಿ ಸಿಕ್ಕಿ ಪುಡಿಯಾದವು. ಮೊದಲೇ ಹೊರಗೆ ನುಸುಳಿದ್ದ ಮರಿಯೊಂದು ಮಾತ್ರ ಪಕ್ಕದ ಬಾಗಿಲಿನ ಬೀಗಕ್ಕೆ ಮುಳ್ಳು ಹಾಕಿತು. ಬಾಗಿಲು ಸಲೀಸಾಗಿ ತೆರೆಯಿತು. ಕೂಗು ಕೇಳಿದ್ದ ಅಲ್ಲಿನ ಕೆಲಸಗಾರರೆಲ್ಲ ಕೈಕಟ್ಟಿ ಕೂತಿದ್ದರು.

"ಚೀಟಿ ತಂದಿದ್ದೇನೆ," ಎಂದಿತು ಮರಿ.

"ಅಲ್ಲಿಡು," ಎಂದಿತು ನೆರೆಯ ಜೀವಕೋಶ. "ಇವತ್ತು ಇಲ್ಲಿ ಮುಷ್ಕರ."