ರಾಣಿಯ ಸೀರೆ ಮತ್ತು ಹತ್ತು ಮಾನಿಟರುಗಳು

ನನಗೆ ಕತೆ ಹೇಳಿ ಅಭ್ಯಾಸವಿಲ್ಲ. ಒಮ್ಮೆ ಬಿಡಿಸಿ ಹೇಳಿದ್ದನ್ನೇ ಮತ್ತೆ ಬಿಡಿಸಿ ಹೇಳಿದರೆ ಕೇಳುವವರು ಮನ್ನಿಸಬೇಕು.

ಕುಂಕುಮಾವತಿ ಪಟ್ಟಣದಲ್ಲಿ ಡಂಗುರ ಸಾರಿದರು: "ಕೇಳ್ರಪ್ಪೋ ಕೇಳಿ! ರಾಜಕುಮಾರಿಯ ಮೂರು ಒಗಟು ಬಿಡಿಸಿ, ಅರಮನೆಯ ಹತ್ತು ಮಾನಿಟರುಗಳಲ್ಲಿ ನಿಜವಾದ ಬಣ್ಣ ತೋರಿಸುವುದನ್ನು ಆರಿಸಿದವರಿಗೆ ಕೇಳಿದ್ದನ್ನು ಕೊಡಲಾಗುವುದು. ತಪ್ಪಿದವರ ತಲೆ ಹೊತ್ತು ಮುಳುಗುವಾಗ ಹೋಗುವುದು!"

ಮಾನಿಟರು ಯಾಕೆಂದರೆ, ತೀರಿಕೊಂಡ ರಾಣಿಯ ವಿಡಿಯೊ ತುಣುಕುಗಳನ್ನು ಜೋಡಿಸಿ ರಾಜಕುಮಾರಿ ಒಂದು ಚಿತ್ರ ಮಾಡುತ್ತಿದ್ದಳು. ರಾಣಿಯ ಸೀರೆ ಒಂದು ಪರದೆಯಲ್ಲಿ ನೇರಳೆ, ಇನ್ನೊಂದರಲ್ಲಿ ಕಂದು. ಎದುರಿಟ್ಟು ನೋಡೋಣವೆಂದರೆ ಸೀರೆ ರಾಣಿಯ ಜೊತೆಗೇ ಚಿತೆ ಏರಿತ್ತು.

ತಿಪ್ಪೇಶ ಮ್ಯಾಚಿಂಗ್ ಸೆಂಟರಿನಲ್ಲಿ ಸೀರೆಗೆ ರವಿಕೆಬಟ್ಟೆ, ದಾರ ಹೊಂದಿಸಿಕೊಡುವವನು. ಅವನಿಗೆ ಅರಮನೆಯ ಆಸೆ ಇರಲಿಲ್ಲ. ಆದರೆ ಮದುವೆ ವಿಡಿಯೊ ತೆಗೆಯುವ ಅವನ ಭಾವ ಗುರುಶಾಂತ ಎರಡನೆಯ ಒಗಟಿನಲ್ಲಿ ಎಡವಿ ಸೆರೆಯಲ್ಲಿದ್ದ.

"ಹೊತ್ತು ಮುಳುಗೋದ್ರೊಳಗೆ ಅವರನ್ನ ಕರ್ಕೊಂಡು ಬಾರೋ" ಎಂದು ಅಕ್ಕ ಅತ್ತಳು. ತಿಪ್ಪೇಶ ಹೊರಟ.

ಅರಮನೆಯಲ್ಲಿ ಅವನಿಗಿಂತ ಮುಂದೆ ಒಬ್ಬ ಮಾನಿಟರು ವ್ಯಾಪಾರಿ ನಿಂತಿದ್ದ. ರಾಜಕುಮಾರಿ ಕೇಳಿದಳು: "ಸಾಲಿನಲ್ಲಿಟ್ಟರೆ ಎಲ್ಲರ ಕಣ್ಣು ಮೊದಲು ಬೀಳುವುದು ಅದರ ಮೇಲೆ. ಮನೆಗೆ ತಂದರೆ ಮೋಸ. ಯಾವುದದು?"

"ಎಲ್ಲಕ್ಕಿಂತ ದೊಡ್ಡದು, ತಾಯಿ!"

ಭಟರು ಅವನ ತೋಳು ಹಿಡಿದರು. ಅವನು ತಿರುಗಿ, "ಲೋ ದಾರದುಂಡೆ, ನಿನಗೂ ಇದೇ ಗತಿ" ಎಂದು ಕೂಗಿದ.

ಅದೇ ಒಗಟು ತಿಪ್ಪೇಶನ ಪಾಲಿಗೆ ಬಂತು. "ಎಲ್ಲಕ್ಕಿಂತ ಝಗಮಗಿಸೋದು, ತಾಯಿ. ಅಂಗಡಿ ದೀಪದಲ್ಲಿ ಕೆಂಪು ಇನ್ನಷ್ಟು ಕೆಂಪಾಗುತ್ತೆ, ಗಿರಾಕಿ ಮರುಳಾಗ್ತಾರೆ. ಅದಕ್ಕೇ ನಾವು ಬಟ್ಟೇನ ಬೀದಿಗೆ ತಂದು ಬಿಸಿಲಲ್ಲಿ ತೋರಿಸ್ತೀವಿ."

"ಸರಿ. ಬೆಳಿಗ್ಗೆ ಒಂದು ಬಣ್ಣ, ಮಧ್ಯಾಹ್ನ ಇನ್ನೊಂದು. ಪರದೆ ಅದೇ, ಚಿತ್ರವೂ ಅದೇ. ಸುಳ್ಳು ಹೇಳಿದವರಾರು? ನಿನ್ನ ಭಾವ 'ಕರೆಂಟು' ಅಂದ."

ತಿಪ್ಪೇಶ ಸುತ್ತ ನೋಡಿದ. ಕಿಟಕಿಗೆ ಕಡುಗೆಂಪು ಪರದೆಬಟ್ಟೆ; ಬಿಸಿಲು ಅದನ್ನು ಹಾದು ಗೋಡೆಯನ್ನೂ ಪೀಠದಲ್ಲಿ ಕೂತಿದ್ದ ರಾಜನ ಬಿಳಿ ಮೀಸೆಯನ್ನೂ ಕೆಂಪಾಗಿಸಿತ್ತು.

"ಈ ಕೋಣೆ, ತಾಯಿ. ಕೋಣೆಯ ಬೆಳಕು ಕಣ್ಣಿಗೆ ಮಂಕುಬೂದಿ ಎರಚುತ್ತೆ. ಮೊದಲು ಆ ಬಟ್ಟೆ ತೆಗೆಸಿ."

ತೆಗೆದರು. ರಾಜಕುಮಾರಿಯ ದನಿ ಇಳಿಯಿತು. "ಮೂರನೆಯದಕ್ಕೆ ಉತ್ತರ ನನಗೂ ಗೊತ್ತಿಲ್ಲ. ಸೀರೆ ಕಂಡವರ ನೆನಪು ಒಬ್ಬೊಬ್ಬರದು ಒಂದೊಂದು. ಈ ಹತ್ತರಲ್ಲಿ ಸತ್ಯ ಹೇಳುವುದಕ್ಕೆ ಸಾಕ್ಷಿ ಯಾರು?"

ಹೊರಗೆ ಬಿಸಿಲು ಹಳದಿಗೆ ತಿರುಗುತ್ತಿತ್ತು. ತಿಪ್ಪೇಶ ಪರದೆಗಳ ಮೇಲೆ ಸೀರೆಯನ್ನು ಬಿಟ್ಟು ರಾಣಿಯ ಮುಖ ನೋಡಿದ. ಹಣೆಯ ಮೇಲೆ ಮೂರು ಗೆರೆ ವಿಭೂತಿ.

"ಅಮ್ಮನವರ ವಿಭೂತಿ ಉಂಡೆ ಇದೆಯಾ?"

ದೇವರಕೋಣೆಯಿಂದ ತಂದರು. ಅವನು ಉಂಡೆಯನ್ನು ಒಂದೊಂದೇ ಪರದೆಯ ಪಕ್ಕ ಹಿಡಿದ. ಒಂದರಲ್ಲಿ ರಾಣಿಯ ಹಣೆಯ ಗೆರೆ ನೀಲಿ ಹೊಡೆಯಿತು, ಇನ್ನೊಂದರಲ್ಲಿ ಕೆಂಪಡರಿತು. ಏಳನೆಯದರಲ್ಲಿ ಗೆರೆಯೂ ಉಂಡೆಯೂ ಒಂದೇ ಆದವು.

"ಬೂದಿಗೆ ತನ್ನದೇ ಬಣ್ಣ ಇಲ್ಲ. ಅದಕ್ಕೆ ಬಣ್ಣ ಹಚ್ಚಿದ ಪರದೆ ಸೀರೆಗೂ ಹಚ್ಚಿರುತ್ತೆ. ಇದೊಂದು ಹಚ್ಚಿಲ್ಲ."

ಅದರಲ್ಲಿ ಸೀರೆ ನೇರಳೆಯೂ ಅಲ್ಲ, ಕಂದೂ ಅಲ್ಲ. "ಬಾಳೆಹೂವಿನ ಬಣ್ಣ!" ಎಂದು ರಾಜ ಪೀಠದಿಂದ ಎದ್ದ. "ನಾನೇ ತಂದುಕೊಟ್ಟಿದ್ದು. ಮರೆತೇಬಿಟ್ಟಿದ್ದೆ." ರಾಜಕುಮಾರಿ ಪರದೆಯ ಮೇಲೆ ಅಮ್ಮನ ಕೆನ್ನೆ ಮುಟ್ಟಿದಳು.

"ಏನು ಬೇಕು, ಕೇಳು" ಎಂದಳು.

"ನಮ್ಮ ಭಾವ. ಆಮೇಲೆ... ಆ ವ್ಯಾಪಾರಿಯನ್ನೂ ಬಿಟ್ಟುಬಿಡಿ."

"ಇಬ್ಬರನ್ನೂ ಬಿಟ್ಟೆ. ನಿನಗೆ?"

ತಿಪ್ಪೇಶ ಏಳನೆಯ ಪರದೆಯ ಕಡೆ ತಿರುಗಿ ನೋಡಿದ. ಅವಳು ನಕ್ಕಳು. "ನಾಳೆಯಿಂದ ನನ್ನ ಪಕ್ಕ ಕೂತು ಬಣ್ಣ ನೋಡು. ಚಿತ್ರ ಮುಗಿಯುವವರೆಗೆ ಅರಮನೆಯ ಸಂಬಳ, ಏಳನೆಯ ಮಾನಿಟರಿನಂಥದ್ದೇ ಇನ್ನೊಂದು ನಿನ್ನ ಮನೆಗೆ."

ಹೊತ್ತು ಮುಳುಗುವಾಗ ಗುರುಶಾಂತ ಕತ್ತು ಸವರಿಕೊಳ್ಳುತ್ತ ಮನೆಯ ದಾರಿ ಹಿಡಿದಿದ್ದ.

"ಅಲ್ವೋ ತಿಪ್ಪ, ಕರೆಂಟು ಅಂದಿದ್ದು ಪೂರ್ತಿ ತಪ್ಪಾ?"

"ತಪ್ಪೇ, ಭಾವ. ನೋಡಿ, ಕರೆಂಟು ಪರದೆಗೆ ಹೋಗುತ್ತೆ, ಬೆಳಕು ಕಣ್ಣಿಗೆ ಬರುತ್ತೆ. ಈಗ ಕಣ್ಣು ಏನು ಮಾಡುತ್ತೆ ಅಂದ್ರೆ, ಸುತ್ತ ಕೆಂಪಿದ್ರೆ ಅದು..."

"ತಿಪ್ಪಾ!" ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಅಳುತ್ತಲೂ ನಗುತ್ತಲೂ. "ಪಾಠ ಸಾಕು ಮಾರಾಯ, ಮೊದಲು ಅವರನ್ನ ಒಳಗೆ ಕರ್ಕೊಂಡು ಬಾ. ಅನ್ನ ಆರ್ತಿದೆ!"